ಕೋಚ್ ಕೂಲ್‌ನ ಚಾಡಿಕೋರ ಮೊಣಕೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಕಳೆದ ವಸಂತದಲ್ಲಿ ದಕ್ಷಿಣ ಕೆರೊಲೈನಾದ ಒಂದು ಪುಟ್ಟ ಕಾಲೇಜಿನ ಬೇಸ್‌ಬಾಲ್ ತಂಡ ಸೋತು ಮನೆಗೆ ಹೋದದ್ದು ನನ್ನಿಂದ. ನಾನು ಬ್ಯಾಟು ಮುಟ್ಟಿರಲಿಲ್ಲ, ಚೆಂಡು ಎಸೆದಿರಲಿಲ್ಲ, ಮೈದಾನದ ಸುಣ್ಣದ ಗೆರೆ ದಾಟಿಯೂ ಇರಲಿಲ್ಲ. ಇಪ್ಪತ್ತೆಂಟು ಸೆಕೆಂಡಿನ ಒಂದು ವಿಡಿಯೊ ಹಾಕಿದ್ದೆ, ಅಷ್ಟೆ. ಅಷ್ಟರಲ್ಲೇ ಒಬ್ಬ ಮನುಷ್ಯ ಮೂವತ್ತು ವರ್ಷ ಯಾರಿಗೂ ಬಿಟ್ಟುಕೊಡದಿದ್ದ ಗುಟ್ಟನ್ನು ಎದುರಾಳಿಗಳಿಗೆ ಎಲೆ ಅಡಿಕೆ ಇಟ್ಟು ಕೊಟ್ಟ ಹಾಗಾಯಿತು. ಅಂಥದೊಂದು ಗುಟ್ಟು ತನ್ನ ಮೈಯಲ್ಲಿದೆ ಎಂದು ಆ ಮನುಷ್ಯನಿಗೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ನನ್ನ ಕಸುಬು ಮಿಮಿಕ್ರಿ. ಮೈಸೂರು ಸೀಮೆಯ ಆರ್ಕೆಸ್ಟ್ರಾಗಳಲ್ಲಿ ಗಾಯಕಿ ಸೀರೆ ಬದಲಾಯಿಸಿಕೊಂಡು ಬರುವವರೆಗೆ ಜನ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಕೆಲಸ. ಯಾರನ್ನಾದರೂ ಐದು ನಿಮಿಷ ನೋಡಿದರೆ ಸಾಕು, ಅವರ ನಡಿಗೆ ನನ್ನ ಕಾಲಿಗೆ ಬಂದುಬಿಡುತ್ತದೆ. ಇದನ್ನು ನಾನು ಪ್ರತಿಭೆ ಎನ್ನುತ್ತೇನೆ, ನಮ್ಮಮ್ಮ ಚಟ ಎನ್ನುತ್ತಾಳೆ. ಅಮೆರಿಕಕ್ಕೆ ಹೋಗಿ ಬಂದ ಮೇಲೆ ನಾನೂ ಅಮ್ಮನ ಪಕ್ಷ ಸೇರಿದ್ದೇನೆ.

ರೆಸ್ಟನ್

ಅಕ್ಕ ಸಹನಾ, ಭಾವ ಪ್ರಸಾದ್ ಇರುವುದು ವಾಷಿಂಗ್ಟನ್ನಿನ ಮಗ್ಗುಲಲ್ಲಿರುವ ರೆಸ್ಟನ್ನಿನಲ್ಲಿ. ಅಲ್ಲಿ ಮರಗಳು ಕೂಡ ನಕ್ಷೆ ನೋಡಿಕೊಂಡು ಬೆಳೆದ ಹಾಗಿವೆ. ಬೆಳಗ್ಗೆ ಎಂಟಕ್ಕೆ ಇಬ್ಬರೂ ಒಂದೊಂದು ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರೆ ಸಂಜೆಯ ತನಕ ಮನೆ ನನ್ನದು. ಭಾವ ಮೀಟಿಂಗಿನಲ್ಲಿ ಒಂದು ದನಿ, ಅಕ್ಕನ ಹತ್ತಿರ ಇನ್ನೊಂದು ದನಿ ಇಟ್ಟುಕೊಂಡಿದ್ದಾರೆ. ಮೂರನೆಯ ದಿನ ನಾನು ಮೀಟಿಂಗಿನ ದನಿಯಲ್ಲಿ ಅಕ್ಕನನ್ನು ಕಾಫಿ ಕೇಳಿದೆ. ಅಕ್ಕ ನಕ್ಕಳು, ಭಾವ ನಗಲಿಲ್ಲ. ಅಂದಿನಿಂದ ನನ್ನನ್ನು ದಿನವೂ ವಾಕಿಂಗಿಗೆ ಕಳಿಸುವ ಏರ್ಪಾಡಾಯಿತು.

ವಾಕಿಂಗಿನಲ್ಲಿ ಕಂಡ ವಿಚಿತ್ರವೆಂದರೆ ಆ ಊರಿನ ಕಾರುಗಳು. ನಾನು ರಸ್ತೆ ದಾಟಲು ನಿಂತರೆ ಕಾರೂ ನಿಲ್ಲುತ್ತದೆ. ಕಾರು ಹೋಗಲಿ ಎಂದು ಕಾಯುವುದು ನಮ್ಮ ಸಂಪ್ರದಾಯ, ನಾನು ದಾಟಲಿ ಎಂದು ಕಾಯುವುದು ಅವರದು. ಒಬ್ಬ ಮುದುಕ ಒಳಗಿನಿಂದ ಹೋಗು ಎಂದು ಕೈ ಮಾಡಿದ, ನಾನು ನೀವೇ ಹೋಗಿ ಎಂದು ಕೈ ಮಾಡಿದೆ, ಅವನು ಮತ್ತೆ ಮಾಡಿದ. ಕೊನೆಗೆ ನನಗೆ ತಡೆಯಲಾಗಲಿಲ್ಲ. ರಸ್ತೆಯ ನಡುವೆ ನಿಂತು ನಮ್ಮ ಆಯುರ್ವೇದ ಸರ್ಕಲ್ಲಿನ ಟ್ರಾಫಿಕ್ ಪೊಲೀಸನಂತೆ ಎದೆ ಮುಂದೆ ಮಾಡಿ ಕೈ ಬೀಸಿದೆ. ಹಿಂದೆ ನಿಂತಿದ್ದ ನಾಲ್ಕು ಕಾರುಗಳೂ ವಿಧೇಯವಾಗಿ ಸಾಗಿದವು. ನಾನು ಕೈ ಎತ್ತಿದರೆ ಈ ದೇಶದಲ್ಲಿ ಜನ ನಂಬುತ್ತಾರೆ ಎಂದು ಅವತ್ತೇ ಅರ್ಥ ಮಾಡಿಕೊಂಡು ಹೆದರಬೇಕಿತ್ತು. ನಾನು ಹಿಗ್ಗಿದೆ.

ಲ್ಯಾನ್‌ಹ್ಯಾಮ್

ಭಾನುವಾರ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಒಂದು ಗಂಟೆ ಕಾರು, ಹತ್ತು ನಿಮಿಷ ದೇವರು, ಆಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುವುದು. ಕೌಂಟರಿನವರು ಮೂಗಿನಲ್ಲಿ ರಾಗ ಎಳೆದು ಟೋಕನ್ ನಂಬರು ಕೂಗುತ್ತಿದ್ದರು. ಐದು ನಿಮಿಷ ಕೇಳಿದೆನಲ್ಲ, ಬಂದುಬಿಟ್ಟಿತು. ಅಕ್ಕನನ್ನು ನಗಿಸಲೆಂದು ಅದೇ ರಾಗದಲ್ಲಿ ಐವತ್ತೆರಡು ಎಂದೆ. ಹಿಂದಿನ ಮೇಜಿನಿಂದ ಒಬ್ಬ ಅಜ್ಜಿ ಎದ್ದು ಕೌಂಟರಿಗೆ ಹೋಗಿ ಬರಿಗೈಲಿ ವಾಪಸು ಬಂದರು. ಬಾಬ್ ಕಟ್ ಬಿಳಿ ಕೂದಲು, ಕಾಟನ್ ಸೀರೆ, ಅದರ ಮೇಲೆ ಕೆಂಪು ಬೇಸ್‌ಬಾಲ್ ಜಾಕೀಟು. ನನ್ನ ಮುಂದೆ ಟೋಕನ್ ಹಿಡಿದು ನಿಂತರು.

"ಏ ಮಂಗ್ಯಾ, ನನ್ನ ದ್ವಾಸಿ ಎಲ್ಲದ?"

ಡಾಕ್ಟರ್ ಇಂದಿರಾ ಕುಲಕರ್ಣಿ ನನಗೆ ಸಿಕ್ಕಿದ್ದು ಹೀಗೆ. ಧಾರವಾಡದವರು. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಗಂಡನೊಡನೆ ಬಂದು, ಮಕ್ಕಳ ಡಾಕ್ಟರಾಗಿ ಮೇರಿಲ್ಯಾಂಡಿನ ಎರಡು ತಲೆಮಾರಿಗೆ ಸೂಜಿ ಚುಚ್ಚಿದವರು. ಈಗ ಎಪ್ಪತ್ತೊಂಬತ್ತು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬನೇ ಮಗ ರಘು, ದಕ್ಷಿಣ ಕೆರೊಲೈನಾದ ಕಾಲೇಜಿನಲ್ಲಿ ಬೇಸ್‌ಬಾಲ್ ಕೋಚು. ಕುಲಕರ್ಣಿ ಎನ್ನಲು ನಾಲಗೆ ಹೊರಳದ ಹುಡುಗರು ಅವನನ್ನು ಕೋಚ್ ಕೂಲ್ ಎನ್ನುತ್ತಾರಂತೆ. ಈ ವರ್ಷ ಅವನ ಕೊನೆಯ ಸೀಸನ್ನು. ಎರಡು ಪಂದ್ಯ ಉಳಿದಿವೆ, ಒಂದು ಗೆದ್ದರೂ ಸಾಕು, ತಂಡ ವಲಯದ ಟೂರ್ನಮೆಂಟಿಗೆ ಹೋಗುತ್ತದೆ. ಅವನು ಕೋಚಾದ ಮೇಲೆ ಒಮ್ಮೆಯೂ ಅಲ್ಲಿಗೆ ಹೋಗಿಲ್ಲ. ಅಜ್ಜಿ ಬುಧವಾರ ಕಾರಿನಲ್ಲಿ ಹೊರಟಿದ್ದರು. ಜೊತೆಗೆ ಒಬ್ಬರು ಬೇಕಿತ್ತು. ಓಡಿಸಲಿಕ್ಕಲ್ಲ, ಓಡಿಸುವುದು ಅವರೇ. ನಿದ್ದೆ ಬಾರದ ಹಾಗೆ ಮಾತಾಡಲಿಕ್ಕೆ. ಭಾವ ನಾನು ಒಪ್ಪುವ ಮೊದಲೇ ಒಪ್ಪಿಕೊಂಡರು.

ಏಳು ಗಂಟೆಯ ಹಾದಿ. ಬೆನ್ನಿಗೊಂದು ದಿಂಬು ಇಟ್ಟುಕೊಂಡು ಅಜ್ಜಿ ಲಾರಿಗಳನ್ನು ಹಿಂದೆ ಹಾಕಿದರು. ನನ್ನ ತೊಡೆಯ ಮೇಲೆ ಹುರಿದ ಶೇಂಗಾದ ಡಬ್ಬಿ ಮತ್ತು ಒಂದು ದಪ್ಪ ನೋಟ್‌ಬುಕ್ಕು. ಮಗ ಎಂಟು ವರ್ಷದವನಿದ್ದಾಗಿನಿಂದ ತಾವು ಕೂತು ನೋಡಿದ ಪ್ರತಿ ಆಟವನ್ನೂ ಬರೆದಿಟ್ಟಿದ್ದಾರೆ, ಅಂಥವು ಮನೆಯಲ್ಲಿ ಇನ್ನೂ ಇಪ್ಪತ್ತಾರಿವೆಯಂತೆ. ಅಂಕಿಗಳೆಲ್ಲ ಕನ್ನಡದವು. ನೋಡಿದರೆ ಅಜ್ಜನ ಕಾಲದ ಪಂಚಾಂಗ. ಅಲ್ಲಲ್ಲಿ ಮೂಲೆಯಲ್ಲಿ ಪುಟ್ಟ ಪುಟ್ಟ ಚುಕ್ಕೆ, ಎಳೆ ಎಳೆಯದೆ ಬಿಟ್ಟ ರಂಗೋಲಿಯ ಹಾಗೆ. ಇದೇನಜ್ಜಿ ಎಂದು ಕೇಳಿದ್ದಕ್ಕೆ, ಅದು ನನ್ನದು, ನೀ ಶೇಂಗಾ ತಿನ್ನು ಎಂದರು.

ಕಾಲೇಜಿನ ಊರು

ಊರಿನ ಹೆಸರು ಹೇಳುವುದಿಲ್ಲ. ನನ್ನಿಂದ ಅವರಿಗಾದ ಉಪಕಾರ ಸಾಕು.

ನಾವು ಹೋದಾಗ ಕೋಚ್ ಕೂಲ್ ಮೈದಾನದಲ್ಲಿ ಒಬ್ಬರೇ ಕುಂಟೆಯಂಥದೊಂದನ್ನು ಹಿಡಿದು ಕೆಂಪು ಮಣ್ಣು ಸಮ ಮಾಡುತ್ತಿದ್ದರು. ಐವತ್ತೆರಡರ ಆಳು, ಮಂಡಿ ಎರಡೂ ಹೋಗಿವೆ, ತಲೆಯ ಮೇಲಿನ ಟೋಪಿಯ ಬಣ್ಣವೂ ಹೋಗಿದೆ. ಸಣ್ಣ ಕಾಲೇಜಿನಲ್ಲಿ ಕೋಚ್ ಎಂದರೆ ಮಣ್ಣು ಹದ ಮಾಡುವವನು, ಗೆರೆ ಎಳೆಯುವವನು, ಬಸ್ಸು ಓಡಿಸುವವನು, ಹುಡುಗರ ಲೆಕ್ಕದ ಪರೀಕ್ಷೆಗೆ ಎಬ್ಬಿಸುವವನು. ಸಮಯ ಉಳಿದರೆ ಆಟ ಕಲಿಸುವವನು. ಅಮ್ಮನನ್ನು ಕಂಡದ್ದೇ ಕುಂಟೆ ಬಿಟ್ಟು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಅಜ್ಜಿ ಆಶೀರ್ವಾದ ಮಾಡುವ ಬದಲು ಅವರ ಅಂಗೈ ತಿರುವಿ ಬೊಬ್ಬೆ ನೋಡಿದರು.

ಅವರ ವೃತ್ತಿಯ ಕತೆ ನನಗೆ ತುಣುಕು ತುಣುಕಾಗಿ ಸಿಕ್ಕಿತು. ಹುಡುಗನಿದ್ದಾಗ ಎಸೆತಗಾರ. ಕಾಲೇಜಿನಲ್ಲಿ ಹೆಸರು ಮಾಡಿ, ದೊಡ್ಡ ಲೀಗಿನ ಕೆಳಗಿನ ಮೆಟ್ಟಿಲಿನ ಒಂದು ತಂಡಕ್ಕೆ ಅಟ್ಲಾಂಟಾ ಹತ್ತಿರ ಆಡಲು ಹೋದರು. ಎರಡನೆಯ ವರ್ಷ ಬಲ ಮೊಣಕೈ ಕೈಕೊಟ್ಟಿತು. ತಂದೆ ಈಗಲಾದರೂ ಮೆಡಿಕಲ್ ಓದು ಎಂದರು. ಇವರು ಒಂದು ಶಾಲೆಯಲ್ಲಿ ಹುಡುಗರಿಗೆ ಚೆಂಡು ಹಿಡಿಯಲು ಕಲಿಸತೊಡಗಿದರು. ಅಲ್ಲಿಂದ ಒಂದು ಕಾಲೇಜಿನಲ್ಲಿ ಸಹಾಯಕ, ಇನ್ನೊಂದರಲ್ಲಿ ಸಹಾಯಕರ ಮುಖ್ಯಸ್ಥ, ಕೊನೆಗೆ ಇಲ್ಲಿ ಕೋಚು. ಒಟ್ಟು ಮೂವತ್ತು ವರ್ಷ.

ಆಟ ನನಗೆ ಅರ್ಥವಾದದ್ದು ಇಷ್ಟು: ನಮ್ಮ ಕ್ರಿಕೆಟ್ಟಿನಲ್ಲಿ ಹೊಡೆದವನು ಹೋಗಿ ಬರುತ್ತಾನೆ, ಇಲ್ಲಿ ಪ್ರದಕ್ಷಿಣೆ ಹಾಕುತ್ತಾನೆ. ಮೂರು ನೆಲೆಗಳನ್ನು ದಾಟಿ ಹೊರಟ ಜಾಗಕ್ಕೆ, ಅವರ ಮಾತಿನಲ್ಲಿ ಮನೆಗೆ, ಮರಳಿದರೆ ಒಂದು ರನ್ನು. ಮೂವರು ಔಟಾದರೆ ತಂಡದ ಸರದಿ ಮುಗಿಯಿತು, ಹೀಗೆ ಇಬ್ಬರಿಗೂ ಒಂಬತ್ತೊಂಬತ್ತು ಇನಿಂಗ್ಸ್. ಕಾಲೇಜು ಹುಡುಗರ ಬ್ಯಾಟು ಲೋಹದ್ದು. ತಗುಲಿದರೆ ಸ್ಟೀಲಿನ ಬಿಂದಿಗೆಗೆ ಸೌಟು ಬಡಿದ ಸದ್ದು. ಎಸೆತಗಾರ ಚೆಂಡು ಬಿಡುವ ಹೊತ್ತಿಗೆ ನೆಲೆಯಲ್ಲಿದ್ದವನು ಮುಂದಿನ ನೆಲೆಗೆ ಓಡಿಬಿಡಬಹುದು. ಅದಕ್ಕೆ ಕದಿಯುವುದು ಎಂದೇ ಹೆಸರು, ಯಾರಿಗೂ ನಾಚಿಕೆಯಿಲ್ಲ. ಯಾವಾಗ ಕದಿಯಬೇಕು ಎನ್ನುವುದನ್ನು ಮೂರನೆಯ ನೆಲೆಯ ಬಳಿ ನಿಂತ ಕೋಚು ಕೈಸನ್ನೆಯಲ್ಲಿ ಹೇಳುತ್ತಾನೆ. ಟೋಪಿ, ಕಿವಿ, ಮೂಗು, ಎದೆ, ಬೆಲ್ಟು, ಮತ್ತೆ ಕಿವಿ: ಮೈಮೇಲೆ ಇರುವೆ ಹತ್ತಿದವನ ಹಾಗೆ ಹತ್ತು ಕಡೆ ಮುಟ್ಟಿಕೊಳ್ಳುತ್ತಾನೆ. ಅದರಲ್ಲಿ ಒಂದು ಮಾತ್ರ ನಿಜ, ಉಳಿದದ್ದು ಎದುರಾಳಿಯ ಕಣ್ಣಿಗೆ ಮಣ್ಣು. ಯಾವುದು ನಿಜ ಎನ್ನುವುದು ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತದೆ. ಕೋಚ್ ಕೂಲ್‌ನ ಸನ್ನೆ ಒಡೆಯಲು ಯಾರಿಂದಲೂ ಆಗಿಲ್ಲ ಎಂದು ಹುಡುಗರು ಹೆಮ್ಮೆಯಿಂದ ಹೇಳಿದರು.

ನಾನು ಬೇಲಿಗೆ ಒರಗಿ ಎರಡು ಗಂಟೆ ನೋಡಿದೆ. ಸನ್ನೆ ನನಗೂ ತಿಳಿಯಲಿಲ್ಲ. ಆದರೆ ಮಿಮಿಕ್ರಿಯವನು ನೋಡುವುದು ಸನ್ನೆಯನ್ನಲ್ಲ, ಮನುಷ್ಯನನ್ನು. ಹತ್ತು ಮುಟ್ಟುವಿಕೆಯ ನಡುವೆ ಒಂದು ಕ್ಷಣ, ಒಂದೇ ಕ್ಷಣ, ಅವರ ಬಲ ಮೊಣಕೈ ಪಕ್ಕೆಗೆ ಒತ್ತಿಕೊಳ್ಳುತ್ತಿತ್ತು, ಕಂಕುಳಲ್ಲಿ ಕೋಳಿಮರಿ ಅಡಗಿಸಿಕೊಂಡವರ ಹಾಗೆ. ನನಗೆ ಅಷ್ಟು ಸಾಕಾಯಿತು.

ಬ್ಯಾಲಂಟೈನ್

ಮರುದಿನ ಸಂಜೆ ಒಂದು ಗಂಟೆ ದೂರದ ಷಾರ್ಲಟ್ ನಗರದ ಬ್ಯಾಲಂಟೈನಿನಲ್ಲಿ, ಅಜ್ಜಿಗೆ ಬೇಕಾದ ಕನ್ನಡದವರ ಮನೆಯಲ್ಲಿ ಯುಗಾದಿ. ಪಂಚಾಂಗದ ಯುಗಾದಿ ಮುಗಿದು ಮೂರು ವಾರವಾಗಿತ್ತು. ಅಲ್ಲಿನ ಹಬ್ಬಗಳು ಎಲ್ಲರಿಗೂ ಬಿಡುವಾಗುವ ತನಕ ತಾಳ್ಮೆಯಿಂದ ಕಾಯುತ್ತವೆ. ಬ್ಯಾಂಕಿನವರು, ಕಂಪ್ಯೂಟರಿನವರು, ನಲವತ್ತು ಜನ. ಹೋಳಿಗೆ ಹೊತ್ತು ತಂದವರೇ ಹನ್ನೊಂದು ಮಂದಿ, ಅನ್ನ ತರುವುದನ್ನು ಎಲ್ಲರೂ ಮರೆತಿದ್ದರು. ಒಬ್ಬ ಆಂಟಿ, ನೀನು ಮಿಮಿಕ್ರಿ ಪರ್ಫಾರ್ಮ್ ಮಾಡ್ತೀಯಂತಲ್ಲ, ಏನಾದ್ರೂ ಮಾಡಪ್ಪ ಎಂದರು. ಬೇಡ ಎನ್ನುವ ಅಭ್ಯಾಸ ನನಗಿಲ್ಲ.

ಅಂಗಡಿಯಲ್ಲಿ ಕೂಪನ್ ಹುಡುಕುವ ಅಂಕಲ್, ಮಗನೊಡನೆ ಕನ್ನಡದಲ್ಲಿ ಜಗಳ ಆರಂಭಿಸಿ ಇಂಗ್ಲಿಷಿನಲ್ಲಿ ಸೋಲುವ ಆಂಟಿ, ಇವರೆಲ್ಲ ಆದ ಮೇಲೆ ಕೋಚ್ ಕೂಲ್ ಬಂದರು. ಅವರೇ ಎದುರಿಗೆ ಕೂತಿದ್ದರೆ ಮಾಡುತ್ತಿರಲಿಲ್ಲವೇನೊ. ಅವರು ಹುಡುಗರ ಜೊತೆ ಅಭ್ಯಾಸದಲ್ಲಿದ್ದರು. ಟೋಪಿ, ಕಿವಿ, ಮೂಗು, ಆಮೇಲೆ ಮೊಣಕೈ. ನಾನು ಸುಮ್ಮನೆ ಮೊಣಕೈ ಒತ್ತಲಿಲ್ಲ. ನಮ್ಮ ಕಸುಬಿನಲ್ಲಿ ಸಣ್ಣದನ್ನು ದೊಡ್ಡದು ಮಾಡಿ ತೋರಿಸಬೇಕು. ಕೋಳಿಮರಿ ಹೊರಗೆ ಹಾರುವಷ್ಟು ಒತ್ತಿದೆ, ಪ್ರತಿ ಸಲವೂ ಒಂದೇ ಜಾಗದಲ್ಲಿ; ಅದು ನಿಜವಾದ ಸನ್ನೆಗೆ ಮೊದಲಿನ ಜಾಗ ಎಂದು ತಿಳಿದದ್ದು ಆಮೇಲೆ. ಯಾಕೆ ಅಲ್ಲಿಯೇ? ಅವರು ಅಲ್ಲಿಯೇ ಮಾಡುತ್ತಿದ್ದರು, ಅಷ್ಟೇ ನನಗೆ ಗೊತ್ತಿದ್ದದ್ದು. ಜನ ಬಿದ್ದು ಬಿದ್ದು ನಕ್ಕರು. ಅಜ್ಜಿಯೊಬ್ಬರೇ ತಟ್ಟೆ ಕೆಳಗಿಟ್ಟರು. ಹೋಳಿಗೆ ಹೆಚ್ಚಾಯಿತೇನೊ ಅಂದುಕೊಂಡೆ.

ನಾನು ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅಲ್ಲಿ ಯಾರೋ ತೆಗೆದಿದ್ದ ವಿಡಿಯೊ ಈಸಿಕೊಂಡು ರೀಲ್ ಮಾಡಿ ಹಾಕಿದೆ. ನೋಡುವವರು ಹೆಚ್ಚಾಗಲಿ ಎಂದು ಕೋಚ್ ಕೂಲ್‌ನ ಕಾಲೇಜಿನ ಹೆಸರು ಸೇರಿಸಿದೆ. ಇನ್ನಷ್ಟು ಹೆಚ್ಚಾಗಲಿ ಎಂದು ಮರುದಿನ ಅವರ ಎದುರು ಆಡಲಿದ್ದ ಕಾಲೇಜಿನ ಹೆಸರನ್ನೂ ಸೇರಿಸಿದೆ. ದೇವರ ದಯದಿಂದ ನೋಡುವವರು ಹೆಚ್ಚಾದರು.

ಅಟ್ಲಾಂಟಾ, ಶುಕ್ರವಾರ

ಪಂದ್ಯ ಅಟ್ಲಾಂಟಾದ ಹೊರಗೆ, ಎದುರಾಳಿಯ ಮೈದಾನದಲ್ಲಿ. ಅಜ್ಜಿ ಮಡಚುವ ಕುರ್ಚಿ ಹಾಕಿಕೊಂಡು ಪುಸ್ತಕ ತೆರೆದರು. ಮೊದಲ ಎರಡು ಇನಿಂಗ್ಸ್ ಸರಿಯಾಗಿತ್ತು. ಆಮೇಲೆ ನಮ್ಮ ಹುಡುಗ ಕದಿಯಲು ಓಡಿದಾಗಲೆಲ್ಲ ಚೆಂಡು ಅವನಿಗಿಂತ ಮೊದಲೇ ಆ ನೆಲೆಗೆ ಹೋಗಿ ಕಾಯುತ್ತಿತ್ತು, ನೆಂಟರನ್ನು ಕರೆದೊಯ್ಯಲು ಬಸ್‌ಸ್ಟ್ಯಾಂಡಿಗೆ ಬಂದವರ ಹಾಗೆ. ಒಮ್ಮೆ ಆದರೆ ಅದೃಷ್ಟ. ನಾಲ್ಕು ಸಲ ಆಯಿತು.

ಆಗ ಎದುರಾಳಿಗಳ ಬೆಂಚಿನ ಕಡೆ ನೋಡಿದೆ. ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಕೂತಿದ್ದ ಮೂವರು, ಕೋಚ್ ಕೂಲ್ ಸನ್ನೆ ಶುರು ಮಾಡಿದ್ದೇ, ಒಟ್ಟಿಗೆ ತಮ್ಮ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಕ್ಕರು. ಅವರು ಕೋಚ್ ಕೂಲ್‌ನನ್ನು ಅನುಕರಿಸುತ್ತಿರಲಿಲ್ಲ. ನನ್ನನ್ನು ಅನುಕರಿಸುತ್ತಿದ್ದರು. ಕೋಳಿಮರಿ ಹಾರುವಷ್ಟು ಒತ್ತುವುದು ನನ್ನದು, ಅದು ನನಗೆ ಗೊತ್ತಾಗುವುದಿಲ್ಲವೇ? ಹತ್ತರಲ್ಲಿ ನಿಜವಾದ ಸನ್ನೆ ಯಾವುದು ಎಂದು ಆ ಮೊಣಕೈ ಚಾಡಿ ಹೇಳುತ್ತಿತ್ತು, ಅದರ ಚಾಡಿಯನ್ನು ಊರಿಗೆಲ್ಲ ಸಾರಿದವನು ನಾನು. ಎಂಟು ರನ್ನಿನಿಂದ ಸೋತರು. ಇನ್ನು ಉಳಿದದ್ದು ಒಂದೇ ಪಂದ್ಯ.

ಅಟ್ಲಾಂಟಾ, ಶನಿವಾರ

ಶನಿವಾರ ಮಳೆ, ಆಟವಿಲ್ಲ. ಬೆಳಗ್ಗೆ ಮೋಟೆಲಿನ ತಿಂಡಿಯ ಕೋಣೆಯಲ್ಲಿ ಕೋಚ್ ಕೂಲ್ ಒಬ್ಬರೇ ದೋಸೆಯಂಥ, ದೋಸೆಯಲ್ಲದ ಒಂದನ್ನು ಕತ್ತರಿಸುತ್ತ ಕೂತಿದ್ದರು. ನಾನು ಎದುರಿಗೆ ಕೂತು, ಯಾರ ದನಿಯೂ ಅಲ್ಲದ ನನ್ನ ಸ್ವಂತ ದನಿಯಲ್ಲಿ ಎಲ್ಲ ಹೇಳಿದೆ. ಆ ದನಿ ಬಳಸಿ ಎಷ್ಟು ದಿನವಾಗಿತ್ತೊ. ಅವರು ಕೇಳಿಸಿಕೊಂಡು ಫೋನ್ ತೆಗೆದು ನನ್ನ ರೀಲನ್ನೇ ತೋರಿಸಿದರು. ಹುಡುಗರು ರಾತ್ರಿಯೇ ಕಳಿಸಿದ್ದರಂತೆ. ಏಳು ಸಲ ನೋಡಿದ್ದರು.

"ಇಲ್ಲಿ ನೋಡು, ನೀ ತಿರುಗಿ ನಡೀತೀ ಅಲ್ಲ," ಎಂದರು ತಮ್ಮ ಅಮೆರಿಕದ ಉಚ್ಚಾರದ ಧಾರವಾಡ ಕನ್ನಡದಲ್ಲಿ, "ಅದು ನಮ್ಮ ಅಪ್ಪ. ನಾ ಅಪ್ಪನ ಥರಾ ವಾಕ್ ಮಾಡ್ತೀನಿ ಅಂತ ಯಾರೂ ನನಗ ಹೇಳಿದ್ದಿಲ್ಲ."

ಬೈಗುಳಕ್ಕೆ ಸಿದ್ಧನಾಗಿ ಬಂದವನಿಗೆ ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಮೊಣಕೈ ವಿಷಯ ಮಾತ್ರ ಅವರಿಗೆ ನಂಬಲಾಗಲಿಲ್ಲ. ಮಳೆ ಹನಿಯಾದಾಗ, ಬಾ ಎಂದು ಕಾರಿನಲ್ಲಿ ಕೂರಿಸಿಕೊಂಡು ಒಂದು ದಿನಸಿ ಅಂಗಡಿಯ ವಿಶಾಲವಾದ ಪಾರ್ಕಿಂಗಿಗೆ ಕರೆದೊಯ್ದರು. ಗಿರಾಕಿಗಳು ಸಾಮಾನು ತಳ್ಳುವ ಗಾಡಿಗಳನ್ನು ನಿಲ್ಲಿಸುವ ಕಂಬಿಯ ಪಕ್ಕದಲ್ಲಿ ನಿಂತು, ಇದೇ ಎಂದರು. ಅವರು ಇಪ್ಪತ್ತೆರಡರ ಹುಡುಗನಿದ್ದಾಗ ಅಲ್ಲಿ ಮೈದಾನವಿತ್ತು, ಆ ಕಂಬಿಯ ಜಾಗದಲ್ಲಿ ಎಸೆತಗಾರ ನಿಲ್ಲುವ ದಿಬ್ಬವಿತ್ತು. ಎರಡು ವಾರದಿಂದ ಕೈ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಡಿಸುವುದಿಲ್ಲವಲ್ಲ. ಒಂದು ಚೆಂಡು ಎಸೆದಾಗ ಒಳಗೆ ಹಸಿ ಕಡ್ಡಿ ಮುರಿದ ಹಾಗಾಯಿತು. ಪ್ರೇಕ್ಷಕರು ಇನ್ನೂ ಚೆಂಡನ್ನು ನೋಡುತ್ತಿದ್ದರು. ಇವರು ತಮ್ಮ ಕೈ ಹಿಡಿದುಕೊಳ್ಳುವ ಮೊದಲೇ ಅಮ್ಮ ಎದ್ದು ನಿಂತಿದ್ದಳಂತೆ.

ಅಲ್ಲಿಯೇ ನಮ್ಮ ಪಾಠ ಶುರುವಾಯಿತು. ನನ್ನ ಯೋಜನೆ ಸರಳವಾಗಿತ್ತು: ಸುಳ್ಳು ಸನ್ನೆಯ ಮೊದಲು ಮೊಣಕೈ ಒತ್ತಬೇಕು, ನಿಜವಾದದ್ದರ ಮೊದಲು ಒತ್ತಬಾರದು. ಎದುರಾಳಿಗಳು ಹಳ್ಳಕ್ಕೆ ಬೀಳುತ್ತಾರೆ. ಕೋಚ್ ಕೂಲ್‌ಗೆ ಕೋಚ್ ಕೂಲ್ ಆಗುವುದು ಹೇಗೆಂದು ನಾನು ಕಲಿಸತೊಡಗಿದೆ. ಟೋಪಿ, ಮೊಣಕೈ, ಕಿವಿ. ಬಿಡಿ ಕೈ. ಈಗ ಎದೆ. ದೂರದಲ್ಲಿ ಒಬ್ಬ ಪಿಕಪ್ ಗಾಡಿಯವನು ನಮ್ಮನ್ನು ಪಾರ್ಕಿಂಗಿನ ಸಿಬ್ಬಂದಿ ಎಂದುಕೊಂಡು, ಅವರ ಕೈ ಬೀಸನ್ನು ನಂಬಿ ಹಿಂದೆ ಹಿಂದೆ ಬಂದು ಗಾಡಿಯನ್ನು ಹೂವಿನ ಪಾತಿಗೆ ಹತ್ತಿಸಿದ. ಇಳಿದು, ಅವರ ಎದೆಯ ಮೇಲಿನ ಕೋಚ್ ಎಂಬ ಅಕ್ಷರ ಓದಿ, ನಿಮ್ಮ ತಂಡ ಎಷ್ಟನೆಯ ಸ್ಥಾನದಲ್ಲಿದೆ ಎಂದು ಗಂಭೀರವಾಗಿ ಕೇಳಿದ.

ಒಂದೂವರೆ ಗಂಟೆ ಒದ್ದಾಡಿದೆವು. ಸುಳ್ಳಿಗೆ ಮೊಣಕೈ ಒತ್ತುವುದನ್ನು ಅವರು ಚೆನ್ನಾಗಿ ಕಲಿತರು. ನಿಜಕ್ಕೆ ಒತ್ತದಿರುವುದು ಮಾತ್ರ ಆಗಲೇ ಇಲ್ಲ. ಸುಳ್ಳು ಹೇಳುವಾಗ ಅವರ ಕೈ ಸಡಿಲ, ಹುಡುಗನೊಬ್ಬನನ್ನು ನಿಜವಾಗಿ ಓಡಿಸಬೇಕು ಎನ್ನುವಾಗ ಮೈಯೆಲ್ಲ ಬಿಗಿ. ಮೂವತ್ತು ವರ್ಷದ ಹಿಂದಿನ ಆ ಚೆಂಡು ಈಗ ಬರುತ್ತದೆ ಎನ್ನುವ ಹಾಗೆ ಮೊಣಕೈ ತಾನಾಗಿ ಓಡಿ ಪಕ್ಕೆ ಸೇರುತ್ತಿತ್ತು. ನೋವಿದೆಯಾ ಎಂದೆ. ಸ್ವಲ್ಪ, ಯಾವಾಗಲೂ ಸ್ವಲ್ಪ ಎಂದರು. ಅಮ್ಮನಿಗೆ ಹೇಳಬೇಡ ಎಂದೂ ಸೇರಿಸಿದರು.

ನಲವತ್ತು ಜನರನ್ನು ನಾನು ನಗಿಸಿದ್ದು ಆ ನೋವನ್ನು ತೋರಿಸಿ. ಕೋಳಿಮರಿಯಂತೆ, ಕೋಳಿಮರಿ.

ಅಟ್ಲಾಂಟಾ, ಭಾನುವಾರ

ನಾಲ್ಕು ಇನಿಂಗ್ಸ್ ಅವರು ನನ್ನ ಪಾಠ ಒಪ್ಪಿಸಿದರು. ಮೊಣಕೈ ಸುಳ್ಳಿಗೂ ಒತ್ತಿತು, ನಿಜಕ್ಕೂ ಒತ್ತಿತು. ಎದುರಾಳಿಗಳು ಸುಳ್ಳಿನ ಒತ್ತು ಯಾವುದು, ನಿಜದ್ದು ಯಾವುದು ಎಂದು ಬೇಗನೆ ಬೇರ್ಪಡಿಸಿಕೊಂಡರು. ನಕಲಿಗೂ ಅಸಲಿಗೂ ವ್ಯತ್ಯಾಸವಿದೆ, ಅದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು? ನಾಲ್ಕು ಒಂದು, ನಾವು ಹಿಂದೆ. ಅಜ್ಜಿ ಬರೆಯುತ್ತಿದ್ದರು.

ನಾಲ್ಕನೆಯ ಇನಿಂಗ್ಸ್ ಮುಗಿದಾಗ ಕೋಚ್ ಕೂಲ್ ಹುಡುಗರನ್ನು ಸುತ್ತ ಕರೆದು ಏನೋ ಹೇಳಿದರು. ಆಮೇಲೆ ಗೊತ್ತಾಯಿತು, ಹೇಳಿದ್ದು ಇಷ್ಟೇ: ನಾನು ಇನ್ನು ಸನ್ನೆ ಮಾಡುವುದಿಲ್ಲ, ನಿಮಗೆ ಆಟ ಗೊತ್ತಿದೆ, ನೀವೇ ಆಡಿ. ಮೂರನೆಯ ನೆಲೆಯ ಬಳಿ ಹೋಗಿ ಎರಡೂ ಕೈಯನ್ನು ಜಾಕೀಟಿನ ಜೇಬಿನೊಳಗೆ ಇಟ್ಟುಕೊಂಡು ನಿಂತರು.

ಅಷ್ಟು ಚಂದದ ಆಟ ನಾನು ನೋಡಿಲ್ಲ. ಹುಡುಗರು ಮೊದಲು ಜೇಬು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಆಡಿದರು. ಕದಿಯಬಾರದ ಕಡೆ ಕದ್ದು ಒಬ್ಬ ಸಿಕ್ಕಿಬಿದ್ದ. ಇನ್ನೊಬ್ಬ ಕದ್ದು ದಕ್ಕಿಸಿಕೊಂಡ. ಎದುರಾಳಿಗಳ ಕಣ್ಣು ಮಾತ್ರ ಆ ಜೇಬುಗಳನ್ನು ಬಿಡಲಿಲ್ಲ, ಈಗ ಕೈ ಬರುತ್ತದೆ, ಈಗ ಮೊಣಕೈ ಅಲುಗುತ್ತದೆ ಎಂದು. ನಾಲ್ಕು ಎರಡಾಯಿತು, ನಾಲ್ಕು ಮೂರಾಯಿತು.

ಕೊನೆಯ ಇನಿಂಗ್ಸ್, ಕೊನೆಯ ಅವಕಾಶ. ಇಬ್ಬರು ಔಟಾಗಿದ್ದರು. ಮೂರನೆಯ ನೆಲೆಯಲ್ಲಿ ಒಬ್ಬ ತೆಳ್ಳನೆಯ ಹುಡುಗ, ಹೆಸರು ಟೈಲರ್, ಕೋಚಿನಿಂದ ಎರಡು ಮಾರು ದೂರದಲ್ಲಿ. ಅವನು ಮನೆ ಮುಟ್ಟಿದರೆ ಸಮ, ಆಟ ಮುಂದುವರಿಯುತ್ತದೆ. ಅವನು ಕೋಚಿನ ಕಡೆ ನೋಡಿದ. ಕೋಚು ಆಕಾಶ ನೋಡಿದರು. ಎಸೆತಗಾರ ಕೋಚಿನ ಜೇಬು ನೋಡುತ್ತಿದ್ದ. ಆ ಕ್ಷಣದಲ್ಲಿ ಟೈಲರ್ ಓಡಿದ, ಯಾರೂ ಹೇಳದೆ, ಹೊಡೆಯುವವನಿಗೂ ತಿಳಿಸದೆ, ನೇರ ಮನೆಗೆ. ಆ ಆಟದಲ್ಲಿ ಅದಕ್ಕಿಂತ ದೊಡ್ಡ ಕಳವಿಲ್ಲ, ಅದಕ್ಕಿಂತ ದೊಡ್ಡ ಹುಚ್ಚೂ ಇಲ್ಲ. ಎಸೆತಗಾರ ಬೆಚ್ಚಿ ಎಸೆದ. ಹುಡುಗ ಎದೆಯ ಮೇಲೆ ಜಾರಿಕೊಂಡು ಹೋದ. ಧೂಳಿನಲ್ಲಿ ಕೈ, ಗ್ಲೌಸು, ಟೋಪಿ ಎಲ್ಲ ಒಂದಾದವು. ಅಂಪೈರು ಮುಷ್ಟಿ ಎತ್ತಿದ. ಔಟ್. ಒಂದು ಬೆರಳಿನ ಅಂತರ ಇತ್ತೇನೊ.

ಸೀಸನ್ನು ಮುಗಿಯಿತು, ಮೂವತ್ತು ವರ್ಷವೂ ಮುಗಿಯಿತು. ಟೈಲರ್ ಧೂಳಿನಲ್ಲಿ ಮುಖ ಹುದುಗಿಸಿ ಮಲಗಿಯೇ ಇದ್ದ. ಕೋಚ್ ಕೂಲ್ ಹೋಗಿ ಅವನನ್ನು ಎತ್ತಿದರು. ಅವರು ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆ. ನಾನು ಹೇಳಲಿಲ್ಲ, ಯಾರೂ ಹೇಳಲಿಲ್ಲ, ಇವನೇ ಓಡಿದ ಎಂದು ಸಿಕ್ಕಿದವರಿಗೆಲ್ಲ, ಎದುರಾಳಿ ಕೋಚಿಗೂ ಹೇಳಿದರು. ಹುಡುಗರು ಸಾಲಾಗಿ ಬಂದು ಕೈ ಕುಲುಕಿದರು. ಟೈಲರ್ ತನ್ನ ಸರದಿ ಬಂದಾಗ ಕೈ ಕೊಡುವ ಮೊದಲು ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ. ಹಿಂದಿನವನೂ ಹಾಗೆ ಮಾಡಿದ. ಅವನ ಹಿಂದಿನವನು ಎಡಗೈ ಒತ್ತಿಕೊಂಡ. ಆಮೇಲೆ ಎಲ್ಲರೂ. ಅವರ ಅನುಕರಣೆ ಕಳಪೆಯಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಅಷ್ಟು ಒಳ್ಳೆಯದನ್ನು ನಾನು ಒಮ್ಮೆಯೂ ಮಾಡಿಲ್ಲ.

ಜನ ಕರಗಿದ ಮೇಲೆ ಕೋಚ್ ಕೂಲ್ ಬಂದು ಅಮ್ಮನ ಕುರ್ಚಿಯ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತರು. ನಾನು ಮತ್ತೆ ಕ್ಷಮೆ ಕೇಳಿದೆ, ಬಹುಶಃ ಹದಿನಾರನೆಯ ಸಲ. ಅಜ್ಜಿ ಶೇಂಗಾದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು, ಬಾಯಿ ಮುಚ್ಚಲಿಕ್ಕೆ. ಕೋಚ್ ಕೂಲ್ ಅಮ್ಮನ ತೊಡೆಯ ಮೇಲಿದ್ದ ಪುಸ್ತಕ ತೆಗೆದುಕೊಂಡರು. ಕನ್ನಡದ ಅಂಕಿ ಓದಲು ಬಾರದ್ದರಿಂದ ಅವರು ಅದನ್ನು ಎಂದೂ ತೆರೆದಿರಲಿಲ್ಲವಂತೆ. ಓದಿ ಹೇಳು ಎಂದು ನನ್ನತ್ತ ಹಿಡಿದರು. ನಾನು ಬೆರಳಿಟ್ಟು ಒಂದೊಂದೇ ಇನಿಂಗ್ಸ್ ಓದಿದೆ. ಈ ಡಾಟ್ ಏನು ಎಂದರು. ಶೇಂಗಾ ನನ್ನ ಬಾಯಲ್ಲೇ ನಿಂತಿತು. ಚುಕ್ಕೆ ಇದ್ದ ಕಡೆಯಲ್ಲೆಲ್ಲ ಹುಡುಗರು ಸನ್ನೆ ನೋಡಿ ಓಡಿದ್ದರು, ಅಂದರೆ ಅಲ್ಲೆಲ್ಲ ಆ ಮೊಣಕೈ ಪಕ್ಕೆಗೆ ಒತ್ತಿತ್ತು. ಶುಕ್ರವಾರದ ಪುಟದಲ್ಲಿ, ಅದರ ಹಿಂದಿನ ವಾರದ್ದರಲ್ಲಿ, ಹಿಂದಿನ ವರ್ಷದ್ದರಲ್ಲಿ. ಇವತ್ತಿನ ಪುಟದಲ್ಲಿ ನಾಲ್ಕನೆಯ ಇನಿಂಗ್ಸಿನ ತನಕ ಇದ್ದವು, ಕೈ ಜೇಬಿಗೆ ಹೋದ ಮೇಲೆ ಒಂದೂ ಇರಲಿಲ್ಲ.

ಕೋಚ್ ಕೂಲ್ ಬಹಳ ಹೊತ್ತು ಪುಟ ತಿರುವಿದರು. ಆಮೇಲೆ ತಲೆ ಎತ್ತಿದರು.

"ಅಮ್ಮಾ, ಥರ್ಟಿ ಇಯರ್ಸ್ ನಿನಗ ಗೊತ್ತಿತ್ತಾ? ಒಮ್ಮೆ ಹೇಳಿದ್ರ ನಾ ಅದನ್ನ ಫಿಕ್ಸ್ ಮಾಡ್ತಿದ್ದೆ. ಯಾಕ ಹೇಳ್ಲಿಲ್ಲ?"

ಅಜ್ಜಿ ಪುಸ್ತಕ ಕಿತ್ತುಕೊಂಡು ಮುಚ್ಚಿದರು.

"ಹೇಳಿದ್ರ ನೀ ಅದನ್ನ ಮುಚ್ಚಿಡ್ಲಿಕ್ಕೆ ಕಲೀತಿದ್ದಿ. ಆಮ್ಯಾಲ ನಿನಗ ಯಾವಾಗ ನೋಯ್ತದ ಅಂತ ನನಗ ಯಾರು ಹೇಳ್ತಿದ್ರು?"